ಹೊಸ ಹಾಡು ಬಂದರೆ ಕಿವಿ ಮುಚ್ಚಬೇಕೇ?



ನಮ್ಮ ಮನೆಯಲ್ಲಿ ಹೊಸ ಹಾಡಿನ ವಿಷಯಕ್ಕೆ ದಿನಾ ಜಗಳ. ಅಣ್ಣ ಮೊಬೈಲಿಗೆ ಹೊಸ ಹಾಡು ಹಾಕಿಸಿಕೊಂಡು ಬರ್ತಾನೆ. ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಜಗಲಿ ಮೇಲೆ ಮಲಗ್ತಾನೆ. ನಮಗೂ ಕೇಳಿಸು ಅಂದರೆ "ನಿಮಗೆಲ್ಲ ಇದು ಅರ್ಥ ಆಗಲ್ಲ, ಹೋಗ್" ಅಂತಾನೆ. ಹೊಸ ಹಾಡನ್ನು ಮೊದಲ ಸಲ ಮನೆಯವರೆಲ್ಲ ಕೂತು ಕೇಳಬೇಕು, ಮನೆಯಲ್ಲಿ ಯಾರೂ ಎರಡೂ ಕಿವಿ ಮುಚ್ಚಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಕಾರಣ ಒಂದು ವಿಮಾನ. ನಗಬೇಡಿ, ಪೂರ್ತಿ ಓದಿ.

ಗಾಳಿಯ ಒತ್ತಡದ ಪಾಠ ಮಾಡುವಾಗ ನಮ್ಮ ವಿಜ್ಞಾನದ ಮೇಷ್ಟ್ರು ಇದನ್ನು ಹೇಳಿದ್ದರು. 1999ರ ಅಕ್ಟೋಬರ್ 25ರಂದು ಅಮೆರಿಕದ ಗಾಲ್ಫ್ ಆಟಗಾರ ಪೇನ್ ಸ್ಟುವರ್ಟ್ ಒಂದು ಚಿಕ್ಕ ಖಾಸಗಿ ಜೆಟ್ ವಿಮಾನದಲ್ಲಿ ಓರ್ಲ್ಯಾಂಡೊದಿಂದ ಡಲ್ಲಾಸಿಗೆ ಹೊರಟರು. ಇಬ್ಬರು ಪೈಲಟ್ ಸೇರಿ ಒಟ್ಟು ಆರು ಜನ. ವಿಮಾನ 39000 ಅಡಿಗೆ ಏರಬೇಕಾಗಿತ್ತು. ಅದು ಎವರೆಸ್ಟಿಗಿಂತಲೂ ಎತ್ತರ. ಅಲ್ಲಿ ಗಾಳಿ ಬಹಳ ತೆಳು. ಅದಕ್ಕೇ ವಿಮಾನದ ಒಳಗೆ ಗಾಳಿ ತುಂಬಿ ಒತ್ತಡ ಕಾಪಾಡ್ತಾರೆ. ಆ ದಿನ ಆ ಒತ್ತಡ ಹೋಯಿತು. ಯಾಕೆ ಹೋಯಿತೆಂದು ತನಿಖೆ ಮಾಡಿದವರಿಗೂ ಖಚಿತವಾಗಲಿಲ್ಲ. ಅಷ್ಟು ಎತ್ತರದಲ್ಲಿ ಆಮ್ಲಜನಕದ ಮಾಸ್ಕ್ ಇಲ್ಲದಿದ್ದರೆ ಅರ್ಧ ನಿಮಿಷದಷ್ಟರಲ್ಲೇ ಬುದ್ಧಿ ಕೆಲಸ ಮಾಡೋದಿಲ್ಲ. ಇನ್ನೂ ಭಯದ ಸಂಗತಿ ಎಂದರೆ, ತನಗೆ ಏನೋ ಆಗ್ತಿದೆ ಅಂತ ಆ ಮನುಷ್ಯನಿಗೇ ತಿಳಿಯದೆ ಇರಬಹುದು. ಕೆಲವರಿಗೆ ಖುಷಿಯೂ ಆಗುತ್ತದಂತೆ!

ನೆಲದ ಮೇಲಿದ್ದವರು ರೇಡಿಯೋದಲ್ಲಿ ಮತ್ತೆ ಮತ್ತೆ ಕರೆದರು. ಉತ್ತರ ಇಲ್ಲ. ವಾಯುಪಡೆಯ ಪೈಲಟ್ ತನ್ನ ವಿಮಾನ ಹತ್ತಿರ ತಂದು ನೋಡಿದರೆ ಮುಂದಿನ ಗಾಜಿನ ಒಳಗೆಲ್ಲ ಮಂಜು ಕಟ್ಟಿದ ಹಾಗಿತ್ತು. ವಿಮಾನ ತನ್ನಷ್ಟಕ್ಕೆ ಹಾರುತ್ತಾ ಹೋಗಿ, ಹೊರಟ ಸುಮಾರು ನಾಲ್ಕು ಗಂಟೆಯ ಮೇಲೆ ಇಂಧನ ಮುಗಿದು ದಕ್ಷಿಣ ಡಕೋಟಾದ ಬಯಲಿನಲ್ಲಿ ಬಿತ್ತು. ಯಾರೂ ಉಳಿಯಲಿಲ್ಲ.

ಆ "ಉತ್ತರ ಇಲ್ಲ" ಎಂಬ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಹೋದ ತಿಂಗಳು ನಮ್ಮ ಅಜ್ಜ ಕೊಟ್ಟಿಗೆ ಹತ್ತಿರ ತಲೆ ಸುತ್ತಿ ಕುಸಿದರು. ಅಣ್ಣನನ್ನು ನಾಲ್ಕು ಸಲ ಕೂಗಿದರಂತೆ. ಅವನು ಹತ್ತು ಹೆಜ್ಜೆ ದೂರದ ಜಗಲಿಯಲ್ಲೇ ಕಾಲು ಕುಣಿಸ್ತಾ ಮಲಗಿದ್ದ. ಶಾಲೆಯಿಂದ ಬಂದ ನಾನು ನೋಡಿದಾಗ ಅಜ್ಜನ ಕೈ ತಣ್ಣಗಿತ್ತು. ಬೆಲ್ಲ ನೀರು ಕೊಟ್ಟ ಮೇಲೆ ಎದ್ದು ಕೂತರು. ಅಣ್ಣ ಹಿತ್ತಲಿಗೆ ಹೋಗಿ ಅತ್ತ. ಅದನ್ನು ಬರೀಬೇಡ ಅಂದಿದ್ದ, ಬರೆದುಬಿಟ್ಟೆ.

ಸತ್ತ ಪೈಲಟ್‌ಗಳನ್ನು ನಿಮ್ಮಣ್ಣನಿಗೆ ಹೋಲಿಸೋದು ಸರಿಯಲ್ಲ ಅಂತ ನಮ್ಮ ತರಗತಿಯ ಕೆಲವರು ವಾದಿಸಿದರು. ಒಪ್ಪುತ್ತೇನೆ. ಪಾಪ, ಅವರು ಬೇಕಂತ ಸುಮ್ಮನಿರಲಿಲ್ಲ. ಆದರೆ ಅಣ್ಣ ತಾನೇ ಕಿವಿ ಮುಚ್ಚಿಕೊಂಡಿದ್ದ, ತಾನೇ ತೆಗೆಯಬಹುದಿತ್ತು. ಎಲ್ಲರಿಗೂ ಕೇಳುವಂತೆ ಹಾಕಿದರೆ ಓದೋರಿಗೆ ಗದ್ದಲ ಅಂತಲೂ ಹೇಳ್ತಾರೆ. ಓದುವ ಹೊತ್ತಿನಲ್ಲಿ ಹಾಡೇ ಬೇಡ.

ಈಗ ರಾತ್ರಿ ಊಟ ಆದ ಮೇಲೆ ಅಣ್ಣ ಮೊಬೈಲನ್ನು ಖಾಲಿ ಚೊಂಬಿನೊಳಗೆ ಇಡ್ತಾನೆ, ಸದ್ದು ಜೋರಾಗುತ್ತೆ. ಮೊನ್ನೆ ತಂದ ಹಾಡು ಅಮ್ಮನಿಗೆ ಒಂಚೂರೂ ಹಿಡಿಸಲಿಲ್ಲ. ಅಜ್ಜ ಮಾತ್ರ, "ಮಾತು ಒಂದೂ ತಿಳೀಲಿಲ್ಲ ಕಣೋ, ತಾಳ ಚೆನ್ನಾಗೈತೆ. ಇನ್ನೊಂದ್ಸಲ ಹಾಕು" ಅಂದರು.

— ಏಳನೇ ತರಗತಿಯ ವಿದ್ಯಾರ್ಥಿನಿ