ದೂರದ ಗುರು, ಎದುರಿನ ಹಾಸು

ಚದುರಂಗದ ನಿಯಮಗಳು ಹೆಚ್ಚಿಲ್ಲ. 64 ಮನೆಗಳು, 32 ಕಾಯಿಗಳು. ಆನೆಯದು ನೇರ ನಡೆ, ಒಂಟೆಯದು ಓರೆ ನಡೆ, ಕುದುರೆಯದು ನೆಗೆತ. ಚುರುಕು ಬುದ್ಧಿಯ ಬಾಲಕನೊಬ್ಬನು ಮಳೆ ಹಿಡಿದ ಒಂದು ಮಧ್ಯಾಹ್ನ ಅಜ್ಜನ ಎದುರು ಕುಳಿತು ಇಷ್ಟನ್ನೂ ಕಲಿತುಬಿಡಬಲ್ಲನು. ಕಷ್ಟವು ತಲೆದೋರುವುದು ಆಮೇಲೆ. ಎರಡು ಕಡೆಯವರೂ ಒಂದೊಂದೇ ನಡೆಯನ್ನಿಡುವಷ್ಟರಲ್ಲಿ ಹಾಸಿನ ಮೇಲೆ 400 ಬಗೆಯ ಸ್ಥಿತಿಗಳು ಸಾಧ್ಯವಾಗುತ್ತವೆ. ಮುಂದಿನ ಲೆಕ್ಕವು ಎಣಿಕೆಗೆ ನಿಲುಕುವಂತಹುದಲ್ಲ. ಅಜ್ಜನಿಗೆ ತಿಳಿದುದೆಲ್ಲ ಮುಗಿದ ದಿನ ಬಾಲಕನು ಯಾರ ಬಳಿಗೆ ಹೋಗಬೇಕು?

ಬಹುಕಾಲದವರೆಗೆ ಈ ಪ್ರಶ್ನೆಗೆ ಉತ್ತರವನ್ನು ನಿರ್ಧರಿಸುತ್ತಿದ್ದುದು ಅವನು ಹುಟ್ಟಿದ ಊರು. ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ 1972ರಲ್ಲಿ ಮಿಖಾಯಿಲ್ ತಾಲ್ ಅವರ ಹೆಸರಿನ ಚದುರಂಗ ಸಂಘವೊಂದು ಆರಂಭವಾಯಿತು. ತಾಯಿ ಸುಶೀಲಾ ಅವರಿಂದ ಮೊದಲ ಪಾಠ ಕಲಿತ ವಿಶ್ವನಾಥನ್ ಆನಂದ್ ಆ ಸಂಘದಲ್ಲಿ ಪಳಗಿ, 1988ರಲ್ಲಿ ಭಾರತದ ಪ್ರಥಮ ಗ್ರ್ಯಾಂಡ್‌ಮಾಸ್ಟರ್ ಎನಿಸಿದರು. ಕರ್ನಾಟಕವು ತನ್ನ ಮೊದಲ ಗ್ರ್ಯಾಂಡ್‌ಮಾಸ್ಟರನ್ನು ಕಾಣಲು 2017ರವರೆಗೆ ಕಾಯಬೇಕಾಯಿತು. ಮೈಸೂರಿನ ಎಂ. ಎಸ್. ತೇಜಕುಮಾರ್ ಆ ಪದವಿಯನ್ನು ಗಳಿಸಿದಾಗ ಅವರು ದೇಶದ 50ನೆಯವರು. ಹಾಸಿನ ಪ್ರತಿಯೊಂದು ಮನೆಯ ಮೇಲೂ ಒಮ್ಮೆ ಮಾತ್ರ ಕಾಲಿಡುವಂತೆ ಕುದುರೆಯನ್ನು ನಡೆಸುವ ಕೌತುಕದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮನಸ್ಸಿಟ್ಟಿದ್ದುದು ಇದೇ ಮೈಸೂರಿನಲ್ಲಿ! ಅಂತಹ ನಾಡಿನಲ್ಲಿ ಬುದ್ಧಿಗೆ ಬರವಿತ್ತೆಂದು ಯಾರೂ ಹೇಳಲಾರರು. ಕಲಿಸುವವರು ವಿರಳರಾಗಿದ್ದರು, ಅಷ್ಟೆ.

ಈಗ ಕಾಲ ಬದಲಾಗಿದೆ. ಸಣ್ಣ ಊರಿನ ಬಾಲಕಿಯೊಬ್ಬಳು ಸಂಜೆ ದೀಪ ಹಚ್ಚಿದ ಮೇಲೆ ಪರದೆಯ ಮುಂದೆ ಕುಳಿತರೆ, ನೂರಾರು ಮೈಲಿ ದೂರದ ತರಬೇತುದಾರರು ಅವಳಿಗೆ ಪಾಠ ಹೇಳುತ್ತಾರೆ. ಇಬ್ಬರ ಕಣ್ಣ ಮುಂದೆಯೂ ಒಂದೇ ಹಾಸು. ಅಲ್ಲಿ ಸರಿಸಿದ ಕಾಯಿ ಇಲ್ಲಿ ಸರಿಯುತ್ತದೆ. ಅವಳು ವಾರವಿಡೀ ಆಡಿದ ಆಟಗಳೆಲ್ಲವೂ ನಡೆನಡೆಯಾಗಿ ದಾಖಲಾಗಿರುತ್ತವೆ. ಯಾವ ನಡೆಗೆ ಎಷ್ಟು ಹೊತ್ತು ಯೋಚಿಸಿದಳೆಂಬುದೂ ತರಬೇತುದಾರರಿಗೆ ಕಾಣಿಸುತ್ತದೆ.

ಈ ಏರ್ಪಾಡಿನ ಹಿರಿಮೆ ಇರುವುದು ಇಲ್ಲಿಯೇ. ಹಾಸಿನ ಮೂಲೆಯಲ್ಲಿರುವ ಕುದುರೆಗೆ ಹೋಗಲು ಎರಡೇ ಮನೆಗಳು, ನಡುವೆ ನಿಂತ ಕುದುರೆಗೆ ಎಂಟು ಮನೆಗಳು ಎಂಬ ಮಾತನ್ನು ಯಾವ ಪುಸ್ತಕವಾದರೂ ಹೇಳುತ್ತದೆ, ಎಲ್ಲರಿಗೂ ಹೇಳುತ್ತದೆ. ಆದರೆ ಈ ಬಾಲಕಿಯು ಆಟ ತೊಡಗಿದೊಡನೆ ಮಂತ್ರಿಯನ್ನು ಆತುರದಿಂದ ಹೊರಗೆ ಕಳುಹಿಸುತ್ತಾಳೆ, ಎದುರಾಳಿಯ ಕುದುರೆ ಒಂಟೆಗಳು ಅದನ್ನು ಅಟ್ಟಿಸಿಕೊಂಡು ಬರುತ್ತ ತಮ್ಮ ತಮ್ಮ ಒಳ್ಳೆಯ ಮನೆಗಳನ್ನು ಸೇರಿಬಿಡುತ್ತವೆ ಎಂಬುದನ್ನು ಯಾವ ಪುಸ್ತಕವೂ ಅರಿಯದು. ಅವಳು ಸೋತ ಇಪ್ಪತ್ತು ಆಟಗಳನ್ನು ಮುಂದಿಟ್ಟುಕೊಂಡು ತಾಳ್ಮೆಯಿಂದ ನೋಡಿದ ಮನುಷ್ಯನಿಗೆ ಮಾತ್ರ ಅದು ಗೋಚರಿಸುತ್ತದೆ. ಬಲ್ಲವರಾದ ತರಬೇತುದಾರರು ಇದಕ್ಕಾಗಿ ಅವಳನ್ನು ಗದರಿಸುವುದಿಲ್ಲ. “ಈ ನಡೆಯನ್ನು ಏಕೆ ಇಟ್ಟೆ?” ಎಂದು ಕೇಳಿ ಸುಮ್ಮನಾಗುತ್ತಾರೆ. ಅವಳು ತಡವರಿಸಿ ಹೇಳುವ ಉತ್ತರವನ್ನು ಪೂರ್ತಿಯಾಗಿ ಆಲಿಸುತ್ತಾರೆ. ಆಮೇಲೆ, ಎರಡು ಕುದುರೆಗಳೂ ಎರಡು ಒಂಟೆಗಳೂ ಹೊರಬರುವವರೆಗೆ ಮಂತ್ರಿಯನ್ನು ಮುಟ್ಟದೆ ಐದು ಆಟಗಳನ್ನು ಆಡಿ ಬಾ ಎಂದು ಮನೆಗೆಲಸ ಕೊಡುತ್ತಾರೆ. ಒಬ್ಬೊಬ್ಬರಿಗೆ ತಕ್ಕ ಪಾಠವೆಂದರೆ ಇದು. ಸಿದ್ಧಪಡಿಸಿಟ್ಟ ಒಂದೇ ಪಾಠವನ್ನು ನೂರು ಮಕ್ಕಳಿಗೆ ಓದಿ ಹೇಳಿ, ಪ್ರತಿಯೊಬ್ಬರ ಹೆಸರನ್ನೂ ಒಮ್ಮೊಮ್ಮೆ ಕೂಗಿದ ಮಾತ್ರಕ್ಕೆ ಅದು ವೈಯಕ್ತಿಕ ಪಾಠವಾಗುವುದಿಲ್ಲ. ಹಣ ತೆರುವ ತಂದೆತಾಯಿಗಳು ಈ ಭೇದವನ್ನು ತಿಳಿದಿರಬೇಕು.

ಗುರುವು ಎದುರಿಗಿಲ್ಲದೆ ವಿದ್ಯೆ ಬಾರದೆಂದು ವಾದಿಸುವ ಹಿರಿಯರುಂಟು. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ; ಸೋತ ಹುಡುಗನ ಬೆನ್ನ ಮೇಲೆ ಕೈಯಿಡಲು ಪರದೆಗೆ ಬಾರದು. ಆದರೂ ಚದುರಂಗದ ಇತಿಹಾಸವು ಬೇರೆಯದನ್ನೂ ಹೇಳುತ್ತದೆ. ಸೋವಿಯತ್ ದೇಶದ ಮಹಾ ಆಟಗಾರ ಮಿಖಾಯಿಲ್ ಬೋಟ್ವಿನ್ನಿಕ್ ನಡೆಸುತ್ತಿದ್ದ ಶಾಲೆಯು ದಿನವೂ ಸೇರುವಂತಹುದಾಗಿರಲಿಲ್ಲ. ಬೇರೆ ಬೇರೆ ಊರುಗಳ ಮಕ್ಕಳು ವರ್ಷದಲ್ಲಿ ಕೆಲವು ಸಲ ಬಂದು ಕೂಡುತ್ತಿದ್ದರು; ತಾವು ಆಡಿದ ಆಟಗಳನ್ನು ಗುರುವಿನ ಮುಂದೆ ಬಿಡಿಸಿ ಹೇಳುತ್ತಿದ್ದರು; ಮನೆಗೆಲಸವನ್ನು ಪಡೆದು ಮರಳುತ್ತಿದ್ದರು. 1973ರಲ್ಲಿ ಬಾಕು ನಗರದಿಂದ ಬಂದು ಸೇರಿದ ಹತ್ತು ವರ್ಷದ ಹುಡುಗನೊಬ್ಬನು 1985ರಲ್ಲಿ ಜಗಜ್ಜೇತನಾದನು. ಅವನೇ ಗ್ಯಾರಿ ಕಾಸ್ಪರೋವ್. ಇದೇ ಬೋಟ್ವಿನ್ನಿಕ್ ಅವರು ಅದಕ್ಕೆ ಹತ್ತು ವರ್ಷ ಮೊದಲು ಇನ್ನೊಬ್ಬ ಬಾಲಕನ ಆಟವನ್ನು ಕಂಡು, ಇವನಿಗೆ ಚದುರಂಗ ಒಲಿಯದೆಂದು ಅಭಿಪ್ರಾಯಪಟ್ಟಿದ್ದರು. ಆ ಬಾಲಕ ಅನಾತೊಲಿ ಕಾರ್ಪೋವ್. 1975ರಲ್ಲಿ ಅವನೂ ಜಗಜ್ಜೇತನೇ ಆದನು! ಆದುದರಿಂದ ಗುರುವು ದೂರವಿರಲಿ, ಹತ್ತಿರವಿರಲಿ, ಅವರ ತೀರ್ಪಿನಿಂದ ಎದೆಗುಂದಿ ಹಾಸನ್ನು ಮಡಿಚಿಡಬೇಕಾಗಿಲ್ಲ.

ಆನಂದ್ ಅವರ ಬಾಲ್ಯದ ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಅವರ ಕುಟುಂಬವು ಕೆಲಕಾಲ ಮನಿಲಾ ನಗರದಲ್ಲಿದ್ದಾಗ ಅಲ್ಲಿಯ ದೂರದರ್ಶನದಲ್ಲಿ ಚದುರಂಗದ ಸಮಸ್ಯೆಗಳು ಪ್ರಸಾರವಾಗುತ್ತಿದ್ದವು. ಬಾಲಕನು ಶಾಲೆಯಲ್ಲಿರುವ ಹೊತ್ತು ಅದು. ತಾಯಿಯು ಆ ಸಮಸ್ಯೆಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಸಂಜೆ ತಾಯಿಮಗ ಇಬ್ಬರೂ ಕುಳಿತು ಬಿಡಿಸುತ್ತಿದ್ದರು. ಉತ್ತರ ಕಳುಹಿಸಿ ಪುಸ್ತಕಗಳನ್ನು ಬಹುಮಾನವಾಗಿ ಪಡೆಯುತ್ತಿದ್ದರು. ಪಾಠವು ಯಂತ್ರದಿಂದ ಬಂದಿತು ನಿಜ; ಆದರೆ ತಾಯಿಯ ಬರವಣಿಗೆಯಿಲ್ಲದೆ ಅದು ಮಗನನ್ನು ಮುಟ್ಟುತ್ತಿರಲಿಲ್ಲ.

ಹೊಸ ಏರ್ಪಾಡಿನಲ್ಲಿ ಭಯಪಡತಕ್ಕ ಸಂಗತಿ ಬೇರೊಂದಿದೆ. 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರು ಕಾಸ್ಪರೋವ್ ಅವರನ್ನೇ ಸೋಲಿಸಿತು. ಇಂದು ಕೈಯಲ್ಲಿ ಹಿಡಿಯುವ ಫೋನಿನಲ್ಲಿಯೇ ಅದಕ್ಕಿಂತಲೂ ಬಲ್ಲಿದ ತಂತ್ರಾಂಶವಿದೆ. ಪಾಠ ನಡೆಯುವ ಪರದೆಯಲ್ಲಿಯೇ, ಒಂದು ಬೆರಳಿನ ಅಂತರದಲ್ಲಿ, ಸರಿಯಾದ ಉತ್ತರ ಕಾದು ಕುಳಿತಿರುತ್ತದೆ. ಕಣ್ಣೆದುರಿಗಿರುವ ಉತ್ತರವನ್ನು ನೋಡದೆ ಅರ್ಧ ಗಂಟೆ ತಾನೇ ಹೆಣಗಾಡುವುದು ಎಳೆಯರಿಗೆ ಸುಲಭವಲ್ಲ, ಬೆಳೆದವರಿಗೂ ಅಲ್ಲ. 2024ರ ಡಿಸೆಂಬರಿನಲ್ಲಿ 18ನೆಯ ವಯಸ್ಸಿಗೇ ಜಗಜ್ಜೇತರಾದ ಡಿ. ಗುಕೇಶ್ ಅವರನ್ನು ಅವರ ಗುರು ವಿಷ್ಣು ಪ್ರಸನ್ನ ಅವರು ಕಲಿಕೆಯ ಮೊದಲ ವರ್ಷಗಳಲ್ಲಿ ಈ ತಂತ್ರಾಂಶಗಳಿಂದ ದೂರವಿಟ್ಟಿದ್ದರು. ಲೆಕ್ಕ ಹಾಕುವ ಕೆಲಸವನ್ನು ಹುಡುಗನ ತಲೆಯೇ ಮಾಡಬೇಕೆಂಬುದು ಅವರ ಎಣಿಕೆ. ಯಂತ್ರವು ಒಳ್ಳೆಯ ನಡೆಯನ್ನು ತೋರಿಸಬಲ್ಲುದು. ಬಾಲಕಿಯ ಮಂತ್ರಿ ಏಕೆ ಅವಸರ ಪಡುತ್ತದೆಂಬುದು ಅದಕ್ಕೆ ಬೇಕಿಲ್ಲ.

ಉಳಿದಿರುವುದು ಸಂಪರ್ಕದ ಮತ್ತು ಹಣದ ಮಾತು. 2020ರ ಡಿಸೆಂಬರಿನಲ್ಲಿ ಆನಂದ್ ಅವರ ಮಾರ್ಗದರ್ಶನದಲ್ಲಿ ಆರಂಭವಾದ ತರಬೇತಿ ಕೇಂದ್ರವು ಗುಕೇಶ್, ಪ್ರಜ್ಞಾನಂದ, ವೈಶಾಲಿ ಮೊದಲಾದ ಎಳೆಯ ಪ್ರತಿಭೆಗಳಿಗೆ ದೂರದಿಂದಲೇ ನೆರವಾಯಿತು. ಆದರೆ ಅವರೆಲ್ಲ ಆಗಲೇ ಗುರುತಿಸಿಕೊಂಡವರು. ಅದೇ ವರ್ಷದ ಅಂತರಜಾಲ ಒಲಿಂಪಿಯಾಡಿನ ಅಂತಿಮ ಸುತ್ತಿನಲ್ಲಿ ನಮ್ಮ ದೇಶದ ಆಟಗಾರರಿಗೇ ಸಂಪರ್ಕ ಕಡಿದುಹೋಗಿ, ಕೊನೆಗೆ ಭಾರತ ಮತ್ತು ರಷ್ಯ ಎರಡನ್ನೂ ವಿಜೇತರೆಂದು ಸಾರಲಾಯಿತು. ಅವರ ಪಾಡೇ ಹೀಗಾದರೆ, ಅಂದು ಶಾಲೆಯ ಪಾಠ ಕೇಳಲು ಫೋನು ಹಿಡಿದು ಗುಡ್ಡ ಹತ್ತಿದ ಮಲೆನಾಡಿನ ಮಕ್ಕಳ ಪಾಡೇನು? ಊರಿನ ಬೇಲಿಯನ್ನು ಮುರಿದ ಪರದೆಯು ಹಣದ ಬೇಲಿಯೊಂದನ್ನು ಹೊಸದಾಗಿ ಕಟ್ಟಬಾರದು. ಪ್ರತಿ ಮಗುವಿಗೂ ಪ್ರತ್ಯೇಕ ಯಂತ್ರ ಬೇಕಿಲ್ಲ. ಶಾಲೆಗೊಂದು ಪರದೆ, ವಾರಕ್ಕೊಂದು ಪಾಠ, ಆರೆಂಟು ಮಕ್ಕಳ ಆಟಗಳನ್ನು ಒಂದೊಂದಾಗಿ ನೋಡುವ ಒಬ್ಬ ತರಬೇತುದಾರ—ಇಷ್ಟನ್ನು ಏರ್ಪಡಿಸುವುದು ಸರಕಾರಕ್ಕೂ ಊರಿನ ಉಳ್ಳವರಿಗೂ ಮೀರಿದ ಕೆಲಸವಲ್ಲ.

ವಾರದ ಉಳಿದ ಆರು ದಿನಗಳಿಗೆ ಬೇಕಾದ ಸಾಮಗ್ರಿ ಬಹಳ ಅಗ್ಗದ್ದು: ಒಂದು ಬಟ್ಟೆಯ ಹಾಸು, ಒಂದು ಪೆಟ್ಟಿಗೆ ಕಾಯಿಗಳು, ಸೋತ ಆಟಗಳನ್ನು ಬರೆದಿಡಲು ಎರಡು ಗೆರೆಯ ಒಂದು ಪುಸ್ತಕ. ಪಾಠ ಮುಗಿದು ಪರದೆ ಆರಿದ ಮೇಲೆ ಆ ಬಾಲಕಿಯು ಹಾಸನ್ನು ನೆಲದ ಮೇಲೆ ಹರಡಿ, ತಾನು ಸೋತ ಆಟದ ಹನ್ನೆರಡನೆಯ ನಡೆಯವರೆಗೆ ಕಾಯಿಗಳನ್ನು ಜೋಡಿಸಿ, ಮಂತ್ರಿಯನ್ನು ಮತ್ತೆ ಅದರ ಮನೆಯಲ್ಲಿಟ್ಟು ನೋಡುತ್ತಾಳೆ.