ಬಾಗಿಲು ತಟ್ಟಿದವರು ಯಾರು?

ಮೈಸೂರಿನಿಂದ ಬೆಂಗಳೂರಿಗೆ ಬರುವ ರೈಲಿನಲ್ಲಿ ಎದುರು ಸೀಟಿನ ಇಬ್ಬರು ಹುಡುಗರ ಮಾತು ಕಿವಿಗೆ ಬಿತ್ತು. ಊರಿನ ಕೇಬಲ್ ವಾಹಿನಿಯೊಂದರಲ್ಲಿ ಕ್ಯಾಮೆರಾ ಹಿಡಿಯುವವರು. ಯಾವುದೋ ಕೊಲೆಯ ಸುದ್ದಿ ಬಂತು. "ಪೊಲೀಸ್ನೋರು ಬರೋ ಹೊತ್ತಿಗೆ ನಾನು ಶಾಟ್ಸ್ ಎಲ್ಲಾ ತಗೊಂಡು ಆಫೀಸಿಗೆ ಕಳಿಸಿದ್ದೂ ಆಗಿತ್ತು ಕಣೋ" ಅಂದ ಒಬ್ಬ. ಇನ್ನೊಬ್ಬ ಅವನ ಬೆನ್ನು ತಟ್ಟಿದ. ಅವರ ಕಸುಬಿನಲ್ಲಿ ಅದು ಹೆಮ್ಮೆಯ ಮಾತೇ ಇರಬೇಕು. ಆದರೆ ಮಂಡ್ಯ ದಾಟಿದರೂ ಆ ಮಾತು ನನ್ನನ್ನು ಬಿಡಲಿಲ್ಲ. ಎಲ್ಲರಿಗಿಂತ ಮೊದಲು ಹೆಣದ ಪಕ್ಕ ನಿಂತವನು ನಾವು ಓದಿ ಬೆಳೆದ ಕಾದಂಬರಿಗಳಲ್ಲಿ ಶಂಕಿತರ ಪಟ್ಟಿಯ ಮೊದಲ ಹೆಸರಾಗುತ್ತಿದ್ದ.

ಎನ್. ನರಸಿಂಹಯ್ಯನವರ ಕಾದಂಬರಿಗಳ ಪತ್ತೇದಾರ ಪುರುಷೋತ್ತಮನ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ಬರೆದಾಗ ಹಲವರು ಕಾಗದ ಬರೆದು ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾಲವನ್ನು ನೆನೆದಿದ್ದರು. ಆವತ್ತು ಜಾಗ ಸಾಲದೆ ಬಿಟ್ಟ ಮಾತನ್ನು ಈಗ ಹೇಳುತ್ತೇನೆ. ಪತ್ತೇದಾರ ತಡವಾಗಿ ಬರುವವನು. ಕೊಲೆ ಆಗಿಹೋಗಿರುತ್ತದೆ, ಪೊಲೀಸರು ಬಂದು ಹೋಗಿರುತ್ತಾರೆ, ಯಾರೋ ಒಬ್ಬ ನಿರಪರಾಧಿ ಲಾಕಪ್ಪಿನಲ್ಲಿರುತ್ತಾನೆ. ಆಮೇಲೆ ಪತ್ತೇದಾರ ಬರುತ್ತಾನೆ. ಹೋಮ್ಸ್ ತಲುಪುವಷ್ಟರಲ್ಲಿ ಪೊಲೀಸರ ಬೂಟುಗಳು ಅಂಗಳದ ಗುರುತುಗಳನ್ನೆಲ್ಲ ತುಳಿದುಹಾಕಿರುತ್ತವೆ. ಅದಕ್ಕಾಗಿ ಅವನು ಸಿಡಿಮಿಡಿಗೊಳ್ಳುವುದೂ ಉಂಟು. ಆದರೂ ಆ ತಡವೇ ಅವನ ಬಲ. ಘಟನೆಯಿಂದ ಅವನಿಗೆ ಆಗಬೇಕಾದ್ದು ಏನೂ ಇಲ್ಲ. ಅದರ ಬಿಸಿ ಆರಿದ ಮೇಲೆ ಬಂದವನಾದ್ದರಿಂದಲೇ ಉಳಿದವರು ನೋಡಿಯೂ ನೋಡದ್ದನ್ನು ಅವನು ನೋಡುತ್ತಾನೆ.

ಈ ತಡದ ಮೂಲಪುರುಷ ಎಡ್ಗರ್ ಅಲನ್ ಪೋನ ಪತ್ತೇದಾರ ದ್ಯುಪ್ಯಾಂ. ಅವನ ಎರಡನೆಯ ಪ್ರಕರಣವಾದ 'ಮರಿ ರೋಜೆಯ ರಹಸ್ಯ'ವನ್ನು ನಾನು ಮತ್ತೆ ಮತ್ತೆ ಓದುತ್ತೇನೆ, ಕಥೆಗಿಂತ ಹೆಚ್ಚಾಗಿ ಅದರ ಹಿಂದಿನ ಕಥೆಗಾಗಿ. ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ ಸಿಗಾರ್ ಅಂಗಡಿಯೊಂದರಲ್ಲಿ ಮೇರಿ ರೋಜರ್ಸ್ ಎಂಬ ಹುಡುಗಿ ಕೆಲಸಕ್ಕಿದ್ದಳು. ಆ ಅಂಗಡಿಗೆ ಬರುತ್ತಿದ್ದವರಲ್ಲಿ ಪತ್ರಕರ್ತರು, ಲೇಖಕರು ಬಹಳ. 1841ರ ಜುಲೈನಲ್ಲಿ ಆಕೆ ಕಾಣೆಯಾದಳು. ಮೂರು ದಿನ ಕಳೆದು ಹಡ್ಸನ್ ನದಿಯಲ್ಲಿ ಹೆಣವಾಗಿ ಸಿಕ್ಕಳು. ನ್ಯೂಯಾರ್ಕಿನ ಪತ್ರಿಕೆಗಳು ಆ ಸಾವನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಕೊಂದದ್ದು ಗೂಂಡಾಗಳ ಗುಂಪು ಎಂದು ಒಂದು ಬರೆದರೆ, ಸಿಕ್ಕ ಹೆಣವೇ ಆಕೆಯದಲ್ಲ ಎಂದು ಇನ್ನೊಂದು ವಾದಿಸಿತು.

ಪೋ ಊರನ್ನು ಪ್ಯಾರಿಸ್ ಮಾಡಿದ, ಹಡ್ಸನ್ನನ್ನು ಸೇನ್ ನದಿ ಮಾಡಿದ, ಸಿಗಾರ್ ಅಂಗಡಿಯನ್ನು ಸುಗಂಧದ ಅಂಗಡಿ ಮಾಡಿದ. ಅವನ ಪತ್ತೇದಾರ ನದಿಯ ದಡಕ್ಕೆ ಹೋಗುವುದೇ ಇಲ್ಲ. ಮನೆಯಲ್ಲಿ ಕೂತು ಪತ್ರಿಕೆಗಳ ತುಣುಕುಗಳನ್ನು ಒಂದರ ಪಕ್ಕ ಒಂದಿಟ್ಟು ಅವುಗಳ ತರ್ಕವನ್ನು ಬಿಡಿಸುತ್ತಾನೆ. ಪತ್ರಿಕೆಗಳಿಗೆ ಬೇಕಿರುವುದು ಸಂಚಲನ, ಸತ್ಯವಲ್ಲ ಎಂದು ದ್ಯುಪ್ಯಾಂ ಬಾಯಲ್ಲಿ ಪೋ ಸ್ಪಷ್ಟವಾಗಿಯೇ ಹೇಳಿಸುತ್ತಾನೆ. 1842ರ ಮಾತು ಅದು.

ಮುಂದಿನದು ಇನ್ನೂ ಸ್ವಾರಸ್ಯದ್ದು. ಆ ಕಥೆ ಮೂರು ಕಂತುಗಳಲ್ಲಿ ಬರಬೇಕಿತ್ತು. 1842ರ ನವೆಂಬರ್, ಡಿಸೆಂಬರ್ ಕಂತುಗಳು ಬಂದವು. ನವೆಂಬರಿನಲ್ಲೇ ನದಿಯಾಚೆಯ ವಸತಿಗೃಹವೊಂದರ ಒಡತಿ ಗುಂಡೇಟಿನಿಂದ ಸಾಯುವ ಮುಂಚೆ ಏನೋ ಹೇಳಿದಳೆಂಬ ಸುದ್ದಿ ಹಬ್ಬಿತು. ಮೇರಿ ಕೊಲೆಯಾಗಲಿಲ್ಲ, ಆ ವಸತಿಗೃಹದಲ್ಲೇ ಗರ್ಭಪಾತದ ವೇಳೆ ಸತ್ತಳು ಎಂಬುದು ಆ ಮಾತಿನ ಸಾರಾಂಶವಂತೆ. ಮೂರನೆಯ ಕಂತು ಜನವರಿಯಲ್ಲಿ ಬರಲಿಲ್ಲ, 1843ರ ಫೆಬ್ರವರಿಗೆ ಹೋಯಿತು. 1845ರಲ್ಲಿ ಪುಸ್ತಕ ತರುವಾಗ ಪೋ ಅಲ್ಲೊಂದು ಇಲ್ಲೊಂದು ಮಾತು ತಿದ್ದಿ, ಅಡಿಟಿಪ್ಪಣಿಗಳನ್ನು ಸೇರಿಸಿ, ಈ ಸಾಧ್ಯತೆಯೂ ತನಗೆ ಮೊದಲೇ ಹೊಳೆದಿತ್ತು ಎನ್ನುವಂತೆ ಕಥೆಯನ್ನು ಹೊಂದಿಸಿದ. ಎರಡೂ ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಬ್ಬ ಮಹಾ ಲೇಖಕ ನಡೆಯುತ್ತಿರುವ ಸುದ್ದಿಯ ಹಿಂದೆ ಓಡಿ ಏದುಸಿರು ಬಿಡುವುದು ಕಾಣುತ್ತದೆ. ತಡವಾಗಿ ಬಂದು ನೋಡುವ ಪತ್ತೇದಾರನನ್ನು ಸೃಷ್ಟಿಸಿದವನೇ, ಸುದ್ದಿ ಇನ್ನೂ ಬಿಸಿಯಿರುವಾಗ ಅದಕ್ಕೆ ಕೈಹಾಕಿದ. ಮೇರಿ ಹೇಗೆ ಸತ್ತಳೆಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಎಲ್ಲರಿಗಿಂತ ಮೊದಲು ಹೆಣದ ಪಕ್ಕ ನಿಂತವನ ಮಾತಿಗೆ ಮರಳಲು ಈಗ ಮನೌಸ್‌ಗೆ ಹೋಗೋಣ. ಬ್ರೆಜಿಲಿನ ಅಮೆಜೋನಸ್ ರಾಜ್ಯದ ರಾಜಧಾನಿ, ಕಾಡಿನ ನಡುವಿನ ದೊಡ್ಡ ನಗರ. ಅಲ್ಲಿನ ಸ್ಥಳೀಯ ಟಿವಿಯಲ್ಲಿ 'ಕನಾಲ್ ಲಿವ್ರೆ' ಎಂಬ ಕಾರ್ಯಕ್ರಮವನ್ನು ವಾಲೇಸ್ ಸೋಜಾ ಎಂಬ ಮಾಜಿ ಪೊಲೀಸ್ ನಡೆಸುತ್ತಿದ್ದ. ಕೊಲೆ, ಮಾದಕವಸ್ತು, ಪೊಲೀಸ್ ದಾಳಿ, ನಡುವೆ ಬೊಂಬೆಯ ತಮಾಷೆ. ಜನ ಅವನನ್ನು 1998ರಲ್ಲಿ ರಾಜ್ಯದ ಶಾಸಕನನ್ನಾಗಿ ಮಾಡಿ ಮತ್ತೆ ಎರಡು ಸಲ ಆರಿಸಿದರು. ಅವನ ತಂಡ ಕೊಲೆ ನಡೆದಲ್ಲಿಗೆ ಎಲ್ಲರಿಗಿಂತ ಮೊದಲು ತಲುಪುತ್ತಿತ್ತು. ಕಾಡಿನಲ್ಲಿ ಹೆಣವೊಂದು ಇನ್ನೂ ಉರಿಯುತ್ತಿರುವಾಗಲೇ ತಂಡದ ವರದಿಗಾರ ಪಕ್ಕದಲ್ಲಿ ನಿಂತು ಮಾತಾಡಿದ ದೃಶ್ಯ ಪ್ರಸಾರವಾಯಿತು. 2008ರಲ್ಲಿ ಸೋಜಾನ ಆಪ್ತನಾಗಿದ್ದ ಮಾಜಿ ಪೊಲೀಸನೊಬ್ಬ ಸೆರೆ ಸಿಕ್ಕು ಹೇಳಿಕೆ ಕೊಟ್ಟ. ಮಾದಕವಸ್ತು ದಂಧೆಯ ಎದುರಾಳಿಗಳನ್ನು ಮುಗಿಸಲು, ಜೊತೆಗೆ ಕಾರ್ಯಕ್ರಮದ ರೇಟಿಂಗ್ ಏರಿಸಲು, ಸೋಜಾನೇ ಕನಿಷ್ಠ ಐದು ಕೊಲೆ ಮಾಡಿಸಿದ ಎಂದು 2009ರಲ್ಲಿ ತನಿಖಾಧಿಕಾರಿಗಳು ಆರೋಪಿಸಿದರು. ತಂಡ ಅಷ್ಟು ಬೇಗ ತಲುಪಿದ್ದೇ ಅವರಿಗೆ ಸುಳಿವಾಗಿತ್ತು. ಸೋಜಾ ಕೊನೆಯವರೆಗೂ ಅಲ್ಲಗಳೆದ. ಇದು ರಾಜಕೀಯ ಪಿತೂರಿ, ನಮಗೆ ಸುದ್ದಿ ಕೊಡುವವರು ಊರೆಲ್ಲ ಇದ್ದಾರೆ ಎಂಬುದು ಅವನ ಕಡೆಯವರ ಉತ್ತರ. ಆ ಅಕ್ಟೋಬರಿನಲ್ಲಿ ಶಾಸನಸಭೆ ಅವನನ್ನು ಹೊರಹಾಕಿತು. 2010ರ ಜುಲೈನಲ್ಲಿ, ಕೊಲೆ ಆರೋಪಗಳು ತೀರ್ಪು ಕಾಣುವ ಮುಂಚೆ, ಕಾಯಿಲೆಯಿಂದ ಸತ್ತ. 2019ರಲ್ಲಿ ಬಂದ ಏಳು ಕಂತುಗಳ ಸಾಕ್ಷ್ಯಚಿತ್ರವೂ ಇವನೇ ಎಂದೋ ಇವನಲ್ಲ ಎಂದೋ ಮುಗಿಯುವುದಿಲ್ಲ.

ಆರೋಪ ಸಾಬೀತಾಗಲಿಲ್ಲ, ಅದನ್ನು ಮರೆಯಬಾರದು. ಆದರೆ ಸುದ್ದಿಯನ್ನು ಕಾಯುವ ಬದಲು ಸುದ್ದಿಯನ್ನೇ ಸೃಷ್ಟಿಸುವುದಕ್ಕೆ ಬ್ರೆಜಿಲಿಗೇ ಹೋಗಬೇಕಿಲ್ಲ. 2007ರಲ್ಲಿ ದಿಲ್ಲಿಯ ವಾಹಿನಿಯೊಂದು ಶಾಲಾ ಶಿಕ್ಷಕಿಯ ಮೇಲೆ ಕಟ್ಟುಕಥೆಯ ಕುಟುಕು ಕಾರ್ಯಾಚರಣೆ ಪ್ರಸಾರ ಮಾಡಿತು. ಜನ ಶಾಲೆಯ ಮುಂದೆ ಸೇರಿ ಆಕೆಯ ಮೇಲೆ ಬಿದ್ದರು, ಬಟ್ಟೆ ಹರಿದರು. ಸುಳ್ಳೆಂದು ಗೊತ್ತಾದ ಮೇಲೆ ಸರ್ಕಾರ ಒಂದು ತಿಂಗಳು ವಾಹಿನಿಯ ಪ್ರಸಾರ ನಿಲ್ಲಿಸಿತು. ನಮ್ಮ ವಾಹಿನಿಗಳ ಅಪರಾಧ ಕಾರ್ಯಕ್ರಮಗಳ ಬಗ್ಗೆ ನನ್ನ ಸಿಟ್ಟು ಓದುಗರಿಗೆ ಹಳೆಯದು. ಮೂಲೆಯಲ್ಲಿ ಇರುವೆಯಷ್ಟು ಅಕ್ಷರಗಳಲ್ಲಿ 'ಮರುಸೃಷ್ಟಿ' ಎಂದು ಬರೆದು, ಬಾಡಿಗೆ ನಟನ ಕೈಗೆ ಮಚ್ಚು ಕೊಟ್ಟು, ಇನ್ನೂ ಆರೋಪಪಟ್ಟಿಯೂ ಸಲ್ಲಿಕೆಯಾಗದ ಮನುಷ್ಯನನ್ನು ಕೊಲೆಗಾರನನ್ನಾಗಿ ನಟಿಸಿ ತೋರಿಸುತ್ತಾರೆ. ಆ ಮನುಷ್ಯನಿಗೆ ಊರಿದೆ, ಮನೆಯಿದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಇದನ್ನು ನಾನು ಹೇಳುತ್ತಲೇ ಇರುತ್ತೇನೆ.

ಆದರೆ ಮನೌಸ್‌ನ ವಿವರಗಳೊಳಗೆ ಇಳಿದಂತೆ, ಯಾರು ಮೊದಲು ಯಾರು ಆಮೇಲೆ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಎದುರಾಗುತ್ತದೆ. ಆ ಸ್ಟುಡಿಯೋದ ಮುಂದೆ ಬಡವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಔಷಧಿಗೆ, ಗಾಲಿಕುರ್ಚಿಗೆ, ಕಳೆದುಹೋದ ಮಗನನ್ನು ಹುಡುಕಿಸುವುದಕ್ಕೆ. ಪೊಲೀಸ್ ಠಾಣೆಯಲ್ಲಿ ಸಿಗದ ಕಿವಿ ಅಲ್ಲಿ ಸಿಗುತ್ತಿತ್ತು. ಅಂದರೆ ಸೋಜಾ ಆ ಊರಿನ ಖಾಸಗಿ ಪತ್ತೇದಾರನೂ ಆಗಿದ್ದ. 1993ರಲ್ಲಿ ಬಾಸು ಚಟರ್ಜಿ ದೂರದರ್ಶನದಲ್ಲಿ ತೋರಿಸಿದ ಪತ್ತೇದಾರ ಬ್ಯೋಮಕೇಶನನ್ನು ನೆನೆಯಿರಿ. ಯಾರೋ ಕಳವಳದಿಂದ ಬಂದು ಬಾಗಿಲು ತಟ್ಟುತ್ತಾರೆ, ಕೂತು ಹೇಳಿಕೊಳ್ಳುತ್ತಾರೆ. ಆ ಒಬ್ಬ ಮನುಷ್ಯನಿಗೆ ಪತ್ತೇದಾರ ಉತ್ತರ ಕೊಡಲೇಬೇಕು. ಪತ್ತೇದಾರಿಗೆ ಬುದ್ಧಿ, ಭೂತಗನ್ನಡಿ ಎಲ್ಲ ಬೇಕು. ಅದಕ್ಕೂ ಮೊದಲು ಬಾಗಿಲು ತಟ್ಟುವ ಒಬ್ಬರು ಬೇಕು. ಮನೌಸ್‌ನಲ್ಲಿ ಸಾಲಿನಲ್ಲಿ ನಿಂತವರಿಗೆ ಸೋಜಾ ಇದ್ದ. ಕಾಡಿನಲ್ಲಿ ಉರಿದುಹೋದವನ ಪರವಾಗಿ ಬಾಗಿಲು ತಟ್ಟಿದವರು ಯಾರು? ಉರಿಯುವ ಅವನನ್ನು ಕ್ಯಾಮೆರಾ ತೋರಿಸಿತು, ಅಷ್ಟಕ್ಕೇ ಅವನ ಕಥೆ ಮುಗಿಯಿತು. ಮೇರಿ ರೋಜರ್ಸ್‌ಗೂ ಆದದ್ದು ಬೇರೆಯಲ್ಲ. ಅವಳಿಗಾಗಿ ಕೂಗೆದ್ದದ್ದು ಅವಳ ಅಂಗಡಿಗೆ ಪತ್ರಕರ್ತರು ಬರುತ್ತಿದ್ದರು ಎಂಬ ಕಾರಣಕ್ಕೂ ಹೌದು. ಅದೇ ಬೇಸಿಗೆಯಲ್ಲಿ ಆ ನದಿಯಲ್ಲಿ ಮುಳುಗಿದ ಬೇರೆ ಯಾವ ಹುಡುಗಿಯ ಹೆಸರೂ ನಮಗೆ ತಿಳಿಯದು.

ನಮ್ಮಲ್ಲಿ ಖಾಸಗಿ ಪತ್ತೇದಾರರಿಗೆ ಬರುವ ಕೆಲಸದಲ್ಲಿ ಮದುವೆಗೆ ಮುಂಚಿನ ವಿಚಾರಣೆಯದ್ದೇ ದೊಡ್ಡ ಪಾಲು. ಅವರ ಸಂಸ್ಥೆಗಳನ್ನು ನಿಯಂತ್ರಿಸುವ ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂತು, ಕಾಯ್ದೆಯಾಗಲಿಲ್ಲ. ದುಡ್ಡು ಕೊಡಬಲ್ಲವನಷ್ಟೇ ಅವರ ಬಾಗಿಲು ತಟ್ಟಬಲ್ಲ. ಟಿವಿಯ ಬಾಗಿಲು ಎಲ್ಲರಿಗೂ ತೆರೆದಿದೆ ಅನ್ನುತ್ತಾರೆ. ನೋಯ್ಡಾದಲ್ಲಿ ನಡೆದ ಒಂದು ಕೊಲೆ ಪ್ರಕರಣವನ್ನು ನೆನೆದರೆ ಆ ಮಾತನ್ನು ನನಗೆ ಒಪ್ಪಲಾಗುವುದಿಲ್ಲ.

2008ರ ಮೇ 16ರ ಬೆಳಿಗ್ಗೆ ಅಲ್ಲಿನ ಒಂದು ಫ್ಲಾಟಿನಲ್ಲಿ ಆ ಮನೆಯ ಹುಡುಗಿಯ ಹೆಣ ಸಿಕ್ಕಿತು. ಮನೆಗೆಲಸದ ಹೇಮರಾಜ್ ಕಾಣುತ್ತಿರಲಿಲ್ಲ. ನೇಪಾಳದವನು, ಓಡಿಹೋಗಿದ್ದಾನೆ ಎಂದುಕೊಂಡರು. ಅವನೇ ಕೊಲೆಗಾರನೆಂದು ಪೊಲೀಸರು ಬಹುಮಾನ ಘೋಷಿಸಿದರು, ಟಿವಿ ದಿನವಿಡೀ ಅದನ್ನೇ ಹೇಳಿತು. ಪೊಲೀಸರು, ನೆಂಟರು, ಅಕ್ಕಪಕ್ಕದವರು, ಪತ್ರಕರ್ತರು ಮನೆಯೊಳಗೆ ಓಡಾಡಿದರು. ತಾರಸಿಯ ಬಾಗಿಲಿಗೆ ಬೀಗವಿತ್ತು, ಅಲ್ಲಿ ರಕ್ತದ ಕಲೆಯೂ ಇತ್ತು. ಯಾರೂ ಬೀಗ ಒಡೆಯಲಿಲ್ಲ. ಮರುದಿನ ಬಂದ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಕಲೆಗಳನ್ನು ಗಮನಿಸಿದ ಮೇಲೆ ಬೀಗ ಒಡೆದರು. ಹೇಮರಾಜ್‌ನ ಹೆಣ ಮೇಲೆಯೇ ಬಿದ್ದಿತ್ತು. ತಡವಾಗಿ ಬಂದವರು ಕಂಡರು ಎಂದು ನನ್ನ ಮೊದಲ ವಾದಕ್ಕೆ ಇದನ್ನೂ ಸಾಕ್ಷಿಯಾಗಿ ಸೇರಿಸಬಹುದು. ಆದರೆ ಕುತ್ತುವುದು ಇನ್ನೊಂದು ಸಂಗತಿ. ಹೇಮರಾಜ್ ಎಲ್ಲಿ, ಅವನಿಗೆ ಏನಾಯಿತು ಎಂದು ಅವನಿಗಾಗಿ ಕೇಳುವವರು ಆ ದಿನ ಅಲ್ಲಿ ಒಬ್ಬರೂ ಇರಲಿಲ್ಲ. ಕೇಳುವವರೊಬ್ಬರು ಇದ್ದಿದ್ದರೆ ಆ ಬೀಗ ಮೊದಲ ಗಂಟೆಯಲ್ಲೇ ಒಡೆಯುತ್ತಿತ್ತು. ಸತ್ತವನು ಒಂದು ಇಡೀ ದಿನ ದೇಶಕ್ಕೆಲ್ಲ ಕೊಲೆಗಾರನಾಗಿ ಉಳಿದ.

ಕೆಳ ನ್ಯಾಯಾಲಯ 2013ರಲ್ಲಿ ಹುಡುಗಿಯ ತಂದೆತಾಯಿಗೆ ಶಿಕ್ಷೆ ವಿಧಿಸಿತು. 2017ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ಸಾಕ್ಷ್ಯ ಸಾಲದೆಂದು ಅವರನ್ನು ಬಿಡುಗಡೆ ಮಾಡಿತು. ಎರಡು ಸಾವುಗಳಿಗೂ ಉತ್ತರವಿಲ್ಲದಂತಾಯಿತು. ಅದಾಗಿ ಎರಡೇ ತಿಂಗಳಿಗೆ, ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಒಂದು ಮೇಲ್ಮನವಿ ದಾಖಲಾಯಿತು. ಸಲ್ಲಿಸಿದವರು ಹೇಮರಾಜ್‌ನ ಹೆಂಡತಿ. ಸಿಬಿಐ ಮೇಲ್ಮನವಿ ಬಂದದ್ದು ಆಮೇಲೆ, 2018ರಲ್ಲಿ.