ಕೊಠಡಿ ಖಾಲಿ ಇದೆ, ಚೀಟಿ ತಂದಿದ್ದೀರಾ?

ಪ್ರವಾಸೋದ್ಯಮ ಕುರಿತ ನಮ್ಮ ಚರ್ಚೆಗಳಲ್ಲಿ ವಿಮಾನ ನಿಲ್ದಾಣ, ತಾರಾ ಹೋಟೆಲು, ಬಂಡವಾಳ ಹೂಡಿಕೆಗಳ ಪ್ರಸ್ತಾಪ ಧಾರಾಳವಾಗಿ ಬರುತ್ತದೆ. ಹೆಗಲಿಗೊಂದು ಚೀಲ ಹಾಕಿಕೊಂಡು ಸರ್ಕಾರಿ ಬಸ್ಸಿನಿಂದ ಇಳಿಯುವ ಸಾಮಾನ್ಯ ಪ್ರವಾಸಿ ರಾತ್ರಿ ಎಲ್ಲಿ ತಲೆಯಿಡಬೇಕು ಎಂಬ ಪ್ರಶ್ನೆ ಮಾತ್ರ ಯಾವ ಸಭೆಯ ಕಾರ್ಯಸೂಚಿಯಲ್ಲೂ ಇರುವುದಿಲ್ಲ. ರಾಜ್ಯದ ಉತ್ತರ ತುದಿಯ ಬೀದರ್ ಜಿಲ್ಲೆಯಲ್ಲಿ ಈ ಪ್ರಶ್ನೆ ತೀವ್ರವಾಗಿದೆ. ಅಲ್ಲಿ ಕೊಠಡಿಗಳು ಕಡಿಮೆ ಎಂಬುದು ನಿಜ. ಆದರೆ ಇರುವ ಕೊಠಡಿಗಳ ಬೀಗದ ಕೈ ಯಾರಿಗೆ ಸೇರಬೇಕು ಎಂಬ ವಿಚಾರದಲ್ಲಿ ನಮ್ಮ ಆಡಳಿತ ಬೆಳೆಸಿಕೊಂಡಿರುವ ಅಭ್ಯಾಸ ಅದಕ್ಕಿಂತ ದೊಡ್ಡ ಅಡ್ಡಿ.

ಬೀದರ್ ನೋಡಲು ಒಂದು ದಿನ ಸಾಲದು. ಕೋಟೆ, ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳು, ಬರೀದ್‌ಶಾಹಿ ಗೋರಿಗಳು, ನೌಬಾದಿನ ಸುರಂಗ ಬಾವಿ, ಬಿದರಿ ಕುಶಲಕರ್ಮಿಗಳ ಓಣಿ, ಎದೆಮಟ್ಟದ ನೀರಿನಲ್ಲಿ ನಡೆದು ತಲುಪಬೇಕಾದ ಝರಣಿ ನರಸಿಂಹ ಗುಹೆ. ದಖ್ಖನ್ ಸುಲ್ತಾನರ ಸ್ಮಾರಕಗಳೆಂದು ಬೀದರ್, ಕಲಬುರಗಿ, ವಿಜಯಪುರ, ಹೈದರಾಬಾದ್‌ಗಳ ಕಟ್ಟಡಗಳು 2014ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದವು. ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಭಾಲ್ಕಿ. ಉತ್ತರಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ ಹೋದರೆ ಅಮರೇಶ್ವರನ ಔರಾದ್. ಅಲ್ಲಿನ ಬಯಲುಗಳಲ್ಲಿ ಕೃಷ್ಣಮೃಗಗಳ ಹಿಂಡು ಕಾಣಸಿಗುತ್ತದೆ, ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಉಸಿರಿನಲ್ಲಿ ಕೇಳುತ್ತವೆ. ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರ್ ದೂರದ ಈ ನಾಡಿಗೆ ನಮ್ಮ ಓದುಗರಲ್ಲಿ ಎಷ್ಟು ಮಂದಿ ಹೋಗಿದ್ದಾರೋ! ಹೈದರಾಬಾದಿನಿಂದ ಬರುವವರು ಬೆಳಿಗ್ಗೆ ಬಂದು ಕೋಟೆ ನೋಡಿ ಸಂಜೆಗೆ ಹಿಂದಿರುಗುತ್ತಾರೆ. ರಾತ್ರಿ ಉಳಿಯದ ಪ್ರವಾಸಿಯಿಂದ ಊರಿಗೆ ಸಿಗುವುದು ಒಂದು ಊಟದ ದುಡ್ಡು, ಆಟೋ ಬಾಡಿಗೆ, ಅಷ್ಟೇ.

ಹಿಂದೆ ಹೀಗಿರಲಿಲ್ಲ. 1470ರ ಆಸುಪಾಸಿನಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯನ್ ವರ್ತಕ ಬೀದರಿಗೆ ಬಂದಿದ್ದ. ತಂದಿದ್ದ ಕುದುರೆಯನ್ನು ಇಲ್ಲಿಯೇ ಮಾರಿದ. ಈ ದೇಶದಲ್ಲಿ ಪರಸ್ಥಳದ ವರ್ತಕರು ತಂಗುವ ಮನೆಗಳಿವೆ, ಮನೆಯೊಡತಿಯರು ಅಡುಗೆ ಮಾಡಿ ಹಾಸಿಗೆ ಹಾಸಿಕೊಡುತ್ತಾರೆ ಎಂದು ತನ್ನ ಪ್ರವಾಸದ ಟಿಪ್ಪಣಿಗಳಲ್ಲಿ ಆತ ದಾಖಲಿಸಿದ್ದಾನೆ. ಅದೇ ಕಾಲದಲ್ಲಿ ಬಹಮನಿ ರಾಜ್ಯದ ಪ್ರಧಾನಿಯಾಗಿದ್ದ ಮಹಮೂದ್ ಗವಾನ್ ಕೂಡ ಪರ್ಷಿಯಾದ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದು ನೆಲೆಸಿದವನೇ. 1472ರಲ್ಲಿ ಆತ ಕಟ್ಟಿಸಿದ ಮದರಸಾದಲ್ಲಿ ದೂರದಿಂದ ಬಂದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ವಾಸದ ಕೊಠಡಿಗಳಿದ್ದವು.

ಆತಿಥ್ಯದ ಆ ಗುಣ ಇಂದೂ ಬತ್ತಿಲ್ಲ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಜಾತಿ, ಧರ್ಮ ಕೇಳದೆ ಲಂಗರ್ ಬಡಿಸುತ್ತಾರೆ. ಯಾತ್ರಿಕರಿಗೆ ತಂಗುವ ವ್ಯವಸ್ಥೆಯೂ ಇದೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಭಾಲ್ಕಿ ಹಿರೇಮಠದ ದಾಸೋಹ ಪರಂಪರೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಇವು ಭಕ್ತರಿಗೆ, ಯಾತ್ರಿಕರಿಗೆ, ಕಲಿಯುವ ಮಕ್ಕಳಿಗೆಂದು ಏರ್ಪಟ್ಟ ಸಂಸ್ಥೆಗಳು. ಕೋಟೆ ನೋಡಲು ಬಂದವರೆಲ್ಲ ಇವುಗಳ ಮೇಲೆ ಭಾರ ಹೇರುವುದು ಸರಿಯಲ್ಲ. ದಾಸೋಹವನ್ನು ಹಕ್ಕಿನಿಂದ ಕೇಳಲಾಗದು, ಕೇಳಬಾರದು. ದುಡ್ಡು ಕೊಟ್ಟು, ರಸೀದಿ ಪಡೆದು, ಯಾರ ಹಂಗೂ ಇಲ್ಲದೆ ಮಲಗಲು ಒಂದು ಜಾಗ ಬೇಕಾದವನ ಗತಿಯೇನು?

ನಿವೃತ್ತಿಯ ನಂತರ ನಾವು ಮೂವರು ಗೆಳೆಯರು ಒಂದು ವಾರ ಈ ಮೂರು ಊರುಗಳನ್ನು ಬಸ್ಸಿನಲ್ಲಿಯೇ ಸುತ್ತಿದೆವು. ಕಾರು ಬೇಡ, ಮುಂಗಡ ಕಾಯ್ದಿರಿಸುವಿಕೆ ಬೇಡ, ಪರಿಚಯದವರಿಗೆ ಫೋನು ಮಾಡುವುದೂ ಬೇಡ ಎಂಬುದು ನಮ್ಮ ಒಪ್ಪಂದ. ಬೀದರ್ ನಗರದಲ್ಲಿ ಅಲೆದರೆ ಲಾಡ್ಜ್ ಸಿಕ್ಕೀತು. ಆದರೂ ಮೊದಲ ಎರಡು ಕಡೆ ನಮ್ಮ ಹೆಗಲ ಚೀಲಗಳನ್ನೂ ನರೆತ ತಲೆಗಳನ್ನೂ ಒಟ್ಟಿಗೆ ನೋಡಿ, ಏನು ಕೆಲಸದ ಮೇಲೆ ಬಂದಿರಿ ಎಂದು ಅನುಮಾನದಿಂದಲೇ ಕೇಳಿದರು. ನೋಡಲು ಬಂದಿದ್ದೇವೆ ಎಂಬ ಉತ್ತರ ಅವರಿಗೆ ಸಾಕಾಗಲಿಲ್ಲ. ಕೆಲಸವಿಲ್ಲದೆ ಊರೂರು ಸುತ್ತುವವನನ್ನು ನಮ್ಮ ಸಮಾಜ ಇನ್ನೂ ನಂಬುವುದಿಲ್ಲ, ಆತನ ವಯಸ್ಸು ಅರವತ್ತು ದಾಟಿದ್ದರೂ ಕೂಡ.

ತಾಲ್ಲೂಕು ಕೇಂದ್ರಗಳಿಗೆ ಬಂದಾಗ ಪರಿಸ್ಥಿತಿ ಬಿಗಡಾಯಿಸಿತು. ಮದುವೆಯ ಕಾಲ. ಒಂದು ಊರಿನಲ್ಲಿ ಇದ್ದ ಬೆರಳೆಣಿಕೆಯ ಲಾಡ್ಜುಗಳನ್ನು ಬೀಗರ ದಿಬ್ಬಣ ಪೂರ್ತಿ ಹಿಡಿದಿತ್ತು. ಸಂಜೆ ಏಳು ಗಂಟೆಗೆ ಅಲ್ಲಿನ ಸರ್ಕಾರಿ ವಸತಿಗೃಹವೊಂದಕ್ಕೆ ಹೋದೆವು. ಅದು ಯಾವ ಊರು, ಯಾವ ಇಲಾಖೆ ಎಂಬುದು ಇಲ್ಲಿ ಅಪ್ರಸ್ತುತ. ರಾಜ್ಯದ ಯಾವ ತಾಲ್ಲೂಕಿನಲ್ಲಾದರೂ ಇದು ನಡೆದೀತು. ಬೇವಿನ ಮರಗಳ ನಡುವೆ ಒಳ್ಳೆಯ ಕಟ್ಟಡ, ಒಂದು ಕಿಟಕಿಯಲ್ಲೂ ದೀಪವಿಲ್ಲ. ಮೇಟಿ ಸೌಜನ್ಯದಿಂದಲೇ ಹೇಳಿದ: ‘ಖೋಲಿ ಖಾಲಿನೇ ಅವರೀ ಸಾಹೇಬ್ರ. ಚಿಟ್ಟಿ ತಂದೀರೇನ್ರಿ?’ ಚೀಟಿ ಇಲ್ಲ, ಬಾಡಿಗೆ ಎಷ್ಟಾದರೂ ಕೊಡುತ್ತೇವೆ ಎಂದೆವು. ಚಿಟ್ಟಿ ಇಲ್ಲದೆ ಆಗುವುದಿಲ್ಲ ಎಂದ. ಬಸ್ ನಿಲ್ದಾಣದ ಬೆಂಚೇ ಗತಿ ಎಂದುಕೊಳ್ಳುತ್ತಿರುವಾಗ ನಮ್ಮಲ್ಲೊಬ್ಬ ತಾಳ್ಮೆಗೆಟ್ಟು, ಇವರು ಇಂಥ ಹುದ್ದೆಯಲ್ಲಿದ್ದು ನಿವೃತ್ತರಾದವರು ಎಂದು ನನ್ನನ್ನು ತೋರಿಸಿದ. ಮೇಟಿ ತಕ್ಷಣ ನಮಸ್ಕರಿಸಿ ಒಂದು ಫೋನು ಮಾಡಿದ. ಹತ್ತು ನಿಮಿಷದಲ್ಲಿ ಎರಡು ಕೊಠಡಿಗಳ ಬೀಗ ತೆರೆಯಿತು, ಬಿಸಿ ಚಹಾ ಕೂಡ ಬಂತು. ನಿವೃತ್ತನಾಗಿದ್ದ ನನಗೆ ಆ ರಾತ್ರಿ ಅಲ್ಲಿ ತಂಗಲು ಬೇರಾವ ನಾಗರಿಕನಿಗಿಂತ ಹೆಚ್ಚಿನ ಅಧಿಕಾರವೇನೂ ಇರಲಿಲ್ಲ. ಕಟ್ಟಡ ಅದೇ, ಕೊಠಡಿ ಅದೇ, ಬಾಡಿಗೆಯೂ ಅದೇ. ಹತ್ತು ನಿಮಿಷದಲ್ಲಿ ಬದಲಾದದ್ದು ಬಾಗಿಲಲ್ಲಿ ನಿಂತವನ ಅಂತಸ್ತು ಮಾತ್ರ.

ನಮ್ಮ ಜಾಗದಲ್ಲಿ ಪರೀಕ್ಷೆ ಬರೆಯಲು ಬಂದ ಹುಡುಗಿಯೊಬ್ಬಳು ಇದ್ದಿದ್ದರೆ? ನೀಟ್ ತರಬೇತಿಗೆಂದು ಬೀದರಿಗೆ ದೂರದೂರದಿಂದ ಮಕ್ಕಳು ಬರುತ್ತಾರೆ, ಅವರನ್ನು ನೋಡಲು ಪಾಲಕರು ಬರುತ್ತಾರೆ. ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬಂದುಹೋಗುವವರಿದ್ದಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಮಹಿಳೆಯರು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಔರಾದಿನವರೆಗೂ ಹೋಗಿ ಬರಬಹುದು. ಕೊನೆಯ ಬಸ್ಸು ತಪ್ಪಿದರೆ ಅವರು ಎಲ್ಲಿ ಉಳಿಯಬೇಕು ಎಂಬುದನ್ನು ನಾವು ಯೋಚಿಸಿಲ್ಲ. ಒಂಟಿ ಹೆಣ್ಣುಮಗಳಿಗೆ ಕೊಠಡಿ ಕೊಡಲು ಸಣ್ಣ ಊರಿನ ಲಾಡ್ಜುಗಳು ಹಿಂಜರಿಯುತ್ತವೆ ಎಂಬುದು ಎಲ್ಲರಿಗೂ ತಿಳಿದದ್ದೇ.

ಖಾಸಗಿಯವರು ಲಾಡ್ಜ್ ಕಟ್ಟಲಿ ಎಂಬುದು ಸುಲಭದ ಉತ್ತರ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇದರ ತೊಡಕು ಕಾಣದೆ ಇರದು. ಔರಾದಿನಂತಹ ಊರಿನಲ್ಲಿ ಕೊಠಡಿಗೆ ಬೇಡಿಕೆ ಇರುವುದು ಜಾತ್ರೆಗೆ, ಮದುವೆಗೆ. ಉಳಿದ ದಿನಗಳಲ್ಲಿ ಅದು ತೀರಾ ವಿರಳ. ಪ್ರವಾಸಿಗಳು ಬರುವುದಿಲ್ಲವೆಂದು ಲಾಡ್ಜ್ ಹುಟ್ಟುವುದಿಲ್ಲ, ಲಾಡ್ಜ್ ಇಲ್ಲವೆಂದು ಪ್ರವಾಸಿಗಳು ಬರುವುದಿಲ್ಲ. ತೆರಿಗೆಯ ವಿಷಯದಲ್ಲೂ ನೀತಿ ಅತ್ತಿತ್ತ ಹೊಯ್ದಾಡಿದೆ: ದಿನಕ್ಕೆ 1000 ರೂಪಾಯಿವರೆಗಿನ ಕೊಠಡಿಗೆ ಇಲ್ಲದಿದ್ದ ಜಿಎಸ್‌ಟಿಯನ್ನು 2022ರ ಜುಲೈನಲ್ಲಿ ಶೇ 12ರಂತೆ ವಿಧಿಸಲಾಯಿತು, 2025ರ ಸೆಪ್ಟೆಂಬರ್‌ನಲ್ಲಿ ಅದು ಶೇ 5ಕ್ಕೆ ಇಳಿಯಿತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ಔರಾದನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಸೇರಿಸಿತ್ತು. ಅಂತಹ ಕಡೆ ಮಾರುಕಟ್ಟೆ ತಾನಾಗಿ ಮೊದಲ ಹೆಜ್ಜೆ ಇಡುವುದಿಲ್ಲ. ಆದರೆ ಸರ್ಕಾರದ ಕಟ್ಟಡ ಆಗಲೇ ಅಲ್ಲಿದೆ. ಅದರ ಬಂಡವಾಳ ಖರ್ಚಾಗಿ ದಶಕಗಳೇ ಕಳೆದಿವೆ, ಮೇಟಿಯ ಸಂಬಳ ಹೇಗೂ ಕೊಡಬೇಕು. ಖಾಲಿ ಕೊಠಡಿಗೆ ಒಬ್ಬ ಅತಿಥಿ ಬಂದರೆ ತಗಲುವ ಹೆಚ್ಚುವರಿ ವೆಚ್ಚ ಒಂದು ಹಾಸುಹೊದಿಕೆಯ ಒಗೆತ ಮತ್ತು ಸ್ವಲ್ಪ ವಿದ್ಯುತ್ತು. ಇಷ್ಟು ಅಗ್ಗದ ಸೇವೆಯನ್ನು ದರದಿಂದ ಹಂಚದೆ ದರ್ಜೆಯಿಂದ ಹಂಚುತ್ತಿದ್ದೇವೆ.

ಖಾಲಿ ಬಿದ್ದ ಸಾರ್ವಜನಿಕ ಕಟ್ಟಡವೇ ಅಗ್ಗದ ವಸತಿಗೆ ಮೂಲವಾದ ನಿದರ್ಶನ ಜಗತ್ತಿನ ಮುಂದಿದೆ. 1909ರಲ್ಲಿ ಜರ್ಮನಿಯ ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಶಿಕ್ಷಕ ಮಕ್ಕಳೊಂದಿಗೆ ಕಾಲ್ನಡಿಗೆ ಪ್ರವಾಸದಲ್ಲಿದ್ದಾಗ ಬಿರುಗಾಳಿ ಮಳೆಗೆ ಸಿಕ್ಕಿ ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲಿನ ಮೇಲೆ ರಾತ್ರಿ ಕಳೆದ. ರಜೆಯಲ್ಲಿ ಶಾಲೆಗಳು ಸುಮ್ಮನೆ ಮುಚ್ಚಿರುತ್ತವಲ್ಲ ಎಂಬ ಯೋಚನೆ ಅಲ್ಲಿ ಹುಟ್ಟಿ, 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಮೊದಲ ಶಾಶ್ವತ ಯೂತ್ ಹಾಸ್ಟೆಲ್ ಆರಂಭವಾಯಿತು. ಕೋಟೆಯೊಳಗೆ! ಸ್ಕಾಟ್ಲೆಂಡಿಗೆ ಈ ಚಳವಳಿ 1931ರಲ್ಲಿ ತಲುಪಿತು. ಅಲ್ಲಿನ ಗುಡ್ಡಗಾಡಿನಲ್ಲಿ ಪಾಳುಬಿದ್ದ ಕುರುಬರ, ರೈತರ ಕಲ್ಲುಮನೆಗಳನ್ನು ದುರಸ್ತಿ ಮಾಡಿ ಬೀಗವಿಲ್ಲದೆ ತೆರೆದಿಡುವ ಸ್ವಯಂಸೇವಾ ಸಂಘವೊಂದು 1965ರಿಂದ ಕೆಲಸ ಮಾಡುತ್ತಿದೆ. ಅವುಗಳನ್ನು ಬಾಥಿ ಎನ್ನುತ್ತಾರೆ, ಬಾಡಿಗೆ ಇಲ್ಲ. ಬೇಸಿಗೆಯಲ್ಲಿ ಅಲ್ಲೂ ಹಾಸಿಗೆ ಸಿಗದೆ ಪರದಾಡುವ ತರುಣರಿದ್ದಾರೆ. ಆದರೆ 2003ರ ಭೂ ಸುಧಾರಣಾ ಕಾಯ್ದೆಯಂತೆ, ಜವಾಬ್ದಾರಿಯಿಂದ ನಡೆದುಕೊಂಡರೆ, ಬಹುಪಾಲು ತೆರೆದ ಭೂಮಿಯಲ್ಲಿ ಡೇರೆ ಹಾಕಿ ಮಲಗುವ ಹಕ್ಕು ಅವರಿಗಿದೆ. ಜನಸಂದಣಿ ಮಿತಿಮೀರಿದ ಲೋಮಂಡ್ ಸರೋವರದ ಸುತ್ತ ಕೆಲವೆಡೆ ಮಾತ್ರ 2017ರಿಂದ ಮಾರ್ಚ್–ಸೆಪ್ಟೆಂಬರ್ ಅವಧಿಯಲ್ಲಿ ಪರವಾನಗಿ ಬೇಕು. ಔರಾದಿನ ಬಯಲಿನಲ್ಲಿ ಡೇರೆ ಹಾಕಿರೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಬಿಸಿಲೂ ಬೇರೆ, ಜಮೀನಿನ ವ್ಯಾಜ್ಯಗಳೂ ಬೇರೆ. ತಂಗುವುದನ್ನು ಹಕ್ಕಿನ ಪ್ರಶ್ನೆಯಾಗಿ ಒಂದು ನಾಡು ನೋಡಬಲ್ಲದು ಎಂಬುದಷ್ಟೇ ನನ್ನ ಮಾತು.

ನಮಗೆ ಹೊಸ ಕಾಯ್ದೆಯೂ ಬೇಕಿಲ್ಲ. ರೈಲ್ವೆಯ ಮಾದರಿ ಕಣ್ಣೆದುರಿಗಿದೆ. ಮಂತ್ರಿಗಳಿಗೆ, ಅಧಿಕಾರಿಗಳಿಗೆಂದು ಅಲ್ಲಿ ತುರ್ತು ಕೋಟಾ ಇದೆ. ಅದು ಭರ್ತಿಯಾಗದಿದ್ದರೆ ರೈಲು ಹೊರಡುವ ಮುನ್ನ ಸೀಟು ಕಾದಿರುವ ಪ್ರಯಾಣಿಕನಿಗೆ ಹೋಗುತ್ತದೆ. ಖಾಲಿ ಸೀಟನ್ನು ಯಾರ ಗೌರವಾರ್ಥವೂ ಓಡಿಸುವುದಿಲ್ಲ. ಹಾಗೆಯೇ ತಾಲ್ಲೂಕು ಕೇಂದ್ರದ ಪ್ರತಿ ಸರ್ಕಾರಿ ವಸತಿಗೃಹದಲ್ಲಿ ಒಂದೆರಡು ಕೊಠಡಿಗಳನ್ನು ಪ್ರವಾಸದಲ್ಲಿರುವ ಅಧಿಕಾರಿಗಳಿಗೆ ಕಾಯ್ದಿಟ್ಟು, ಉಳಿದವು ಸಂಜೆ ಆರರ ನಂತರ ಖಾಲಿ ಇದ್ದರೆ ಗುರುತಿನ ಚೀಟಿ ತೋರಿಸಿದ ಯಾರಿಗಾದರೂ ಪ್ರಕಟಿತ ದರದಲ್ಲಿ, ಒಂದು ರಾತ್ರಿಯ ಮಟ್ಟಿಗೆ ದೊರೆಯಬೇಕು. ಅಲ್ಲೊಂದು ಕೋಣೆ ಮಹಿಳೆಯರಿಗೇ ಮೀಸಲಿರಲಿ.

ಆಕ್ಷೇಪಗಳು ನನಗೆ ಗೊತ್ತು. ಸೇವೆಯಲ್ಲಿದ್ದಾಗ ಅವನ್ನೆಲ್ಲ ಕೇಳಿದ್ದೇನೆ. ನಡುರಾತ್ರಿ ಪ್ರವಾಹದ ಕೆಲಸಕ್ಕೆ ಬಂದ ಎಂಜಿನಿಯರ್ ಎಲ್ಲಿ ಮಲಗಬೇಕು? ಅದಕ್ಕೆಂದೇ ಕಾಯ್ದಿಟ್ಟ ಕೊಠಡಿಗಳು. ಕುಡಿತ, ಇಸ್ಪೀಟು ನಡೆದರೆ? ಇಂದು ಅವು ನಡೆಯುತ್ತಿಲ್ಲವೆಂದು ಎದೆ ಮುಟ್ಟಿ ಹೇಳುವವರು ಕೈಯೆತ್ತಲಿ. ಚೀಟಿ ತಂದವರೆಲ್ಲ ಸರ್ಕಾರಿ ಕೆಲಸಕ್ಕೇ ಬಂದವರಲ್ಲ. ವಿದೇಶಿಯರು ಬಂದರೆ ತೊಂದರೆ ಎಂಬುದು ಇನ್ನೊಂದು ವಾದ. ವಿದೇಶಿ ಅತಿಥಿಯ ವಿವರವನ್ನು 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂಬ ನಿಯಮ ಎಲ್ಲ ಹೋಟೆಲುಗಳಿಗೂ ಇದೆ. ಆನ್‌ಲೈನಿನಲ್ಲಿ ಒಂದು ಅರ್ಜಿ ತುಂಬುವ ಈ ಕೆಲಸಕ್ಕೆ ಹೆದರಿಯೇ ಎಷ್ಟೋ ಸಣ್ಣ ಲಾಡ್ಜುಗಳು ಅವರನ್ನು ಬಾಗಿಲಿನಿಂದಲೇ ಕಳಿಸುತ್ತವೆ. ಜಿಲ್ಲಾ ಪೊಲೀಸರು ಅರ್ಧ ದಿನದ ತರಬೇತಿ ಕೊಟ್ಟರೆ ಅದು ಮುಗಿಯುತ್ತದೆ.

ನಿಜವಾದ ತೊಡಕು ಬೇರೆ ಇದೆ. ವಸತಿಗೃಹದ ಬಾಡಿಗೆ ಖಜಾನೆಗೆ ಜಮೆಯಾಗುತ್ತದೆ. ಸೋರುವ ನಲ್ಲಿಯ ದುರಸ್ತಿಗೆ, ಹಾಸುಹೊದಿಕೆಗೆ ಅನುದಾನ ಯಾವಾಗಲೋ ಬರುತ್ತದೆ. ಅತಿಥಿಗಳು ಹೆಚ್ಚಿದಷ್ಟೂ ಮೇಟಿಗೆ ಕೆಲಸ ಹೆಚ್ಚು, ಲಾಭ ಶೂನ್ಯ. ಎಷ್ಟೋ ಕಡೆ ಆತ ಹೊರಗುತ್ತಿಗೆಯವನು, ತಿಂಗಳ ಸಂಬಳವೂ ಹೊತ್ತಿಗೆ ಸರಿಯಾಗಿ ಕೈಸೇರದು. ಇಂತಹವನು ಚೀಟಿ ಕೇಳದೆ ಇನ್ನೇನು ಮಾಡಿಯಾನು? ಬಾಡಿಗೆಯಲ್ಲಿ ಅರ್ಧವನ್ನು ಅದೇ ಕಟ್ಟಡದ ನಿರ್ವಹಣೆಗೆ, ಒಂದು ಪಾಲನ್ನು ಮೇಟಿಗೆ ಬಿಡಲು ಆರ್ಥಿಕ ಇಲಾಖೆ ಒಪ್ಪಬೇಕು. ದರ, ಖಾಲಿ ಕೊಠಡಿಗಳ ಸಂಖ್ಯೆ, ದೂರು ಹೇಳುವ ಫೋನ್ ನಂಬರ್ ಇವಿಷ್ಟನ್ನು ಬರೆದ ಒಂದು ಕರಿಹಲಗೆ ಬಸ್ ನಿಲ್ದಾಣದಲ್ಲಿರಬೇಕು. ಬೀದರ್, ಭಾಲ್ಕಿ, ಔರಾದ್ ಮೂರು ಕಡೆಯಲ್ಲಿ ಪ್ರಾಯೋಗಿಕವಾಗಿ ಒಂದು ವರ್ಷ ನಡೆಸಲು ಬೇಕಾಗುವುದು ಜಿಲ್ಲಾಧಿಕಾರಿಗಳ ಮತ್ತು ಲೋಕೋಪಯೋಗಿ ಇಲಾಖೆಯ ಒಂದು ಸುತ್ತೋಲೆ, ಮತ್ತೆ ಹಲಗೆಗೆ ಸ್ವಲ್ಪ ಬಣ್ಣ.